ಕೊಳ್ಳುವ ಮುನ್ನ ಹೋಲಿಸಿ ನೋಡಿ: ದಾವಣಗೆರೆ–ಹರಿಹರದ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ

ದಾವಣಗೆರೆ, ಹರಿಹರ ಮತ್ತು ಸುತ್ತಮುತ್ತಲ ಹಳ್ಳಿಗಳ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ, ಹ್ಯಾಮ್ ರೇಡಿಯೊ ಬಂಧುಗಳಿಗೆ, ಎಂಜಿನಿಯರಿಂಗ್ ಹಾಗೂ ಡಿಪ್ಲೊಮಾ ವಿದ್ಯಾರ್ಥಿಗಳಿಗೆ,



ಪರಮಾಣು ಗಡಿಯಾರವೆಂದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲೋ ಇಸ್ರೋದ ಕೇಂದ್ರಗಳಲ್ಲೋ ಮಾತ್ರ ಇರುವ ವಸ್ತು ಎಂದುಕೊಳ್ಳುತ್ತಿದ್ದ ಕಾಲ ಹಿಂದೆ ಸರಿಯಿತು. ಮೊಬೈಲ್ ಟವರುಗಳಿಂದ ಕಳಚಿ ತಂದ ರುಬಿಡಿಯಂ ಪೆಟ್ಟಿಗೆಗಳು, ಹಳೆಯ ಅಳತೆ ಉಪಕರಣಗಳಿಂದ ಕಿತ್ತ, ಸ್ಥಿರ ಬಿಸಿಯಲ್ಲಿಡುವ ಓವನ್ ಕ್ರಿಸ್ಟಲ್‌ಗಳು, ಜಿಪಿಎಸ್ ಹಿಡಿದು ತಮ್ಮನ್ನು ತಾವೇ ತಿದ್ದಿಕೊಳ್ಳುವ ಆಸಿಲೇಟರ್‌ಗಳು ಈಗ ಆನ್‌ಲೈನ್‌ನಲ್ಲಿ ಕೂತಲ್ಲೇ ಸಿಗುತ್ತವೆ. ಒಂದು ಸೆಕೆಂಡನ್ನು ಸಾವಿರ ಕೋಟಿ ಭಾಗ ಮಾಡಿ ಅದರಲ್ಲಿ ಒಂದು ಭಾಗ ಆಚೀಚೆಯಾದರೂ ಗುರುತಿಸಬಲ್ಲ ಉಪಕರಣ ತನ್ನ ಮೇಜಿನ ಮೇಲಿರಬೇಕು ಎಂಬ ಆಸೆ ಯಾವ ಹವ್ಯಾಸಿಗೂ ಸಹಜ, ಮತ್ತು ಅದು ಒಳ್ಳೆಯ ಆಸೆ. ಆದರೆ ನಾವು ಕೊಳ್ಳುತ್ತಿರುವ ಕ್ರಮ ತಲೆಕೆಳಗಾಗಿದೆ. ಮೊದಲು ಪೆಟ್ಟಿಗೆ ಬರುತ್ತದೆ. ಅದು ನಿಜಕ್ಕೂ ಸರಿಯಿದೆಯೇ ಎಂದು ನೋಡುವ ಯೋಚನೆ ಆಮೇಲೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಹೋಲಿಸಿ ನೋಡುವ ಏರ್ಪಾಡು ಮೊದಲಾಗಲಿ, ಆವರ್ತನ ಮಾನಕದ (ಫ್ರೀಕ್ವೆನ್ಸಿ ಸ್ಟ್ಯಾಂಡರ್ಡ್) ಖರೀದಿ ಆಮೇಲಾಗಲಿ, ಆ ಏರ್ಪಾಡು ಒಬ್ಬೊಬ್ಬರ ಕಪಾಟಿನಲ್ಲಿ ಒಂದೊಂದಾಗದೆ ನಮ್ಮೆಲ್ಲರಿಗೂ ಒಂದಾಗಿರಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಈ ಮಾತು ಹರಿಹರದವರಿಗೆ ಬೇಗ ಅರ್ಥವಾಗಬೇಕು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆ ಊರಿಗೆ ಲೇತ್ ಯಂತ್ರಗಳ ಹೆಸರು ತಂದುಕೊಟ್ಟಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದ್ದರೂ ಮೈಕ್ರಾನ್ ಅಂದರೇನು ಎಂದು ಕೈಯಲ್ಲೇ ಬಲ್ಲ ಜನ ಅಲ್ಲಿ ಇನ್ನೂ ಇದ್ದಾರೆ. ಲೇತ್‌ನಲ್ಲಿ ಥ್ರೆಡ್ ಕತ್ತರಿಸುವಾಗ ಟೂಲನ್ನು ಸರಿಸುವುದು ಲೀಡ್ ಸ್ಕ್ರೂ. ಅದರ ಪಿಚ್‌ನಲ್ಲಿ ತಪ್ಪಿದ್ದರೆ ಆ ಯಂತ್ರದಲ್ಲಿ ಕತ್ತರಿಸಿದ ಪ್ರತಿಯೊಂದು ಥ್ರೆಡ್‌ಗೂ ಆ ತಪ್ಪು ಅಂಟಿಕೊಳ್ಳುತ್ತದೆ, ಕೆಲಸಗಾರ ಎಷ್ಟೇ ನಿಪುಣನಾಗಿರಲಿ. ರೇಡಿಯೊ ರಿಸೀವರ್, ಫ್ರೀಕ್ವೆನ್ಸಿ ಕೌಂಟರ್, ಸಿಗ್ನಲ್ ಜನರೇಟರ್ ಒಳಗಿನ ಕ್ರಿಸ್ಟಲ್ ಕೂಡ ಅಂಥದೇ ಲೀಡ್ ಸ್ಕ್ರೂ. ಕೌಂಟರಿನ ಪರದೆ ಹನ್ನೊಂದು ಅಂಕಿ ತೋರಿಸಬಹುದು. ಒಳಗಿನ ಕ್ರಿಸ್ಟಲ್ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದ್ದರೆ ಕೊನೆಯ ನಾಲ್ಕೈದು ಅಂಕಿಗಳಿಗೆ ಬೆಲೆಯಿಲ್ಲ. ಲೇತ್ ಕೆಲಸದಲ್ಲಿ ಗೇಜ್ ಹೊಸದಾಗಿದೆ, ಪೆಟ್ಟಿಗೆ ಚೆನ್ನಾಗಿದೆ ಎಂದು ಯಾರೂ ನಂಬುವುದಿಲ್ಲ. ಮಾಸ್ಟರ್ ಗೇಜಿನ ಪಕ್ಕ ಇಟ್ಟು ನೋಡುತ್ತಾರೆ, ಎಷ್ಟು ವ್ಯತ್ಯಾಸ ಬಂತು ಎಂದು ಬರೆದಿಡುತ್ತಾರೆ. ಉದ್ದ ಅಳೆಯುವಾಗ ನಮ್ಮ ನಾಡಿಗೆ ರೂಢಿಯಾಗಿದ್ದ ಈ ಶಿಸ್ತು ಸಮಯ ಅಳೆಯುವಾಗ ನಮ್ಮ ಮೇಜುಗಳಲ್ಲಿ ಕಾಣುತ್ತಿಲ್ಲ.

ಸಮಯ ಎಂಬುದೇ ಹೋಲಿಕೆಯಿಂದ ಹುಟ್ಟಿದ ಒಪ್ಪಂದ. ಭಾರತದ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದ್ದು, 1906ರಿಂದ ಬಳಕೆಯಲ್ಲಿದೆ. ದಾವಣಗೆರೆ ಇರುವುದು 76 ಡಿಗ್ರಿಯ ಹತ್ತಿರ. ಹಾಗಾಗಿ ದಾವಣಗೆರೆ ತಾಲ್ಲೂಕಿನ ನಮ್ಮ ಊರು ಲೋಕಿಕೆರೆಯ ಹೊಲದಲ್ಲಿ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾಗುವ ಹೊತ್ತಿಗೆ ಕೈಗಡಿಯಾರದಲ್ಲಿ ಸರಾಸರಿ 12 ಗಂಟೆ 26 ನಿಮಿಷ ಆಗಿರುತ್ತದೆ. ಫೆಬ್ರುವರಿ ನಡುವಿನಲ್ಲಿ ಅದು 12:40ರ ಹತ್ತಿರ ಹೋಗುತ್ತದೆ, ನವೆಂಬರ್ ಆರಂಭದಲ್ಲಿ 12:10ಕ್ಕೆ ಬರುತ್ತದೆ. ಸೂರ್ಯನನ್ನು ಬಿಟ್ಟು 1967ರಲ್ಲಿ ಜಗತ್ತು ಸೀಸಿಯಂ ಪರಮಾಣುವಿನ 919,26,31,770 ಕಂಪನಗಳನ್ನು ಒಂದು ಸೆಕೆಂಡ್ ಎಂದು ಒಪ್ಪಿಕೊಂಡಿತು. ಅಷ್ಟಾದರೂ ಯಾವ ದೇಶವೂ ತನ್ನ ಒಂದೇ ಸೀಸಿಯಂ ಗಡಿಯಾರವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಎಂಬತ್ತರಷ್ಟು ಪ್ರಯೋಗಾಲಯಗಳ ನಾನೂರಕ್ಕೂ ಹೆಚ್ಚು ಗಡಿಯಾರಗಳ ಲೆಕ್ಕ ಪ್ಯಾರಿಸ್ ಬಳಿಯ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆ ಕಚೇರಿಗೆ ಹೋಗುತ್ತದೆ, ಅವುಗಳ ಸರಾಸರಿಯಿಂದ ಜಾಗತಿಕ ಕಾಲ ಸಿದ್ಧವಾಗುತ್ತದೆ, ಯಾರ ಗಡಿಯಾರ ಎಷ್ಟು ನ್ಯಾನೋಸೆಕೆಂಡ್ ಆಚೀಚೆ ಇತ್ತು ಎಂಬ ಪಟ್ಟಿ ಪ್ರತಿ ತಿಂಗಳು ಪ್ರಕಟವಾಗುತ್ತದೆ. ದೆಹಲಿಯ ಪ್ರಯೋಗಾಲಯವೂ ಆ ಪಟ್ಟಿಯಲ್ಲಿ ತನ್ನ ವ್ಯತ್ಯಾಸ ನೋಡಿಕೊಳ್ಳಬೇಕು. ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿರುವ ಇಸ್ರೋ ನ್ಯಾವಿಗೇಷನ್ ಕೇಂದ್ರ ನಾವಿಕ್ ಉಪಗ್ರಹಗಳಿಗೆ ಕಾಲ ಕೊಡುವುದೂ ಒಂದು ಗಡಿಯಾರದಿಂದಲ್ಲ, ಸೀಸಿಯಂ ಗಡಿಯಾರಗಳು ಮತ್ತು ಹೈಡ್ರೋಜನ್ ಮೇಸರ್‌ಗಳ ಒಂದು ಗುಂಪಿನಿಂದ. ಅಂಥವರೇ ಹೋಲಿಕೆಯಿಲ್ಲದೆ ನಡೆಯದಿರುವಾಗ ನಾವು ಒಂದೇ ಪೆಟ್ಟಿಗೆ ತಂದು ಇದೇ ನಿಖರ ಎಂದು ತೀರ್ಮಾನಿಸುವುದಕ್ಕೆ ಆಧಾರವೇನು?

ಮಾರುವವರು ಒಂದು ಚಿತ್ರ ಹಾಕಿರುತ್ತಾರೆ: ರುಬಿಡಿಯಂ ಪೆಟ್ಟಿಗೆಯ ಪಕ್ಕ ಕೌಂಟರ್, ಅದರ ಪರದೆಯಲ್ಲಿ 10 ಮೆಗಾಹರ್ಟ್ಸ್, ಮುಂದೆ ಸಾಲು ಸಾಲು ಸೊನ್ನೆ. ಆ ಚಿತ್ರವನ್ನು ದಯವಿಟ್ಟು ಪುರಾವೆ ಎಂದು ತೆಗೆದುಕೊಳ್ಳಬೇಡಿ. ಅನೇಕ ಕೌಂಟರ್‌ಗಳ ಹಿಂಭಾಗದಲ್ಲಿ ಅದರದೇ ಕ್ರಿಸ್ಟಲ್‌ನ 10 ಮೆಗಾಹರ್ಟ್ಸ್ ಹೊರಬರುವ ಕಿಂಡಿ ಇರುತ್ತದೆ. ಒಂದು ತುಂಡು ಕೇಬಲ್ ತೆಗೆದುಕೊಂಡು ಆ ಕಿಂಡಿಯನ್ನು ಮುಂಭಾಗದ ಇನ್‌ಪುಟ್‌ಗೆ ಜೋಡಿಸಿ ನೋಡಿ. ಕ್ರಿಸ್ಟಲ್ ಎಷ್ಟೇ ಕೆಟ್ಟಿರಲಿ, ಓದು 10,000,000 ಎಂದೇ ಬರುತ್ತದೆ, ದಶಾಂಶದ ಆಚೆಗೂ ಸೊನ್ನೆಗಳೇ. ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ. ರುಬಿಡಿಯಂ ಪೆಟ್ಟಿಗೆಯನ್ನು ಕೌಂಟರಿನ ರೆಫರೆನ್ಸ್ ಆಗಿ ಕೊಟ್ಟು ಅದೇ ಪೆಟ್ಟಿಗೆಯನ್ನು ಅಳೆದರೂ ಇದೇ ಆಗುತ್ತದೆ. ಎರಡು ಮೂಲಗಳು ಬೇರೆ ಬೇರೆಯಾಗಿದ್ದಾಗ ಮಾತ್ರ ಆ ಅಂಕಿ ಏನಾದರೂ ಹೇಳುತ್ತದೆ.

ಹಾಗಾದರೆ ಬೇರೆ ಮೂಲ ಎಲ್ಲಿಂದ ತರುವುದು? ಆಕಾಶದಿಂದ. ಪ್ರತಿ ಜಿಪಿಎಸ್ ಉಪಗ್ರಹದಲ್ಲೂ ಪರಮಾಣು ಗಡಿಯಾರವಿದೆ, ಅದನ್ನು ನೆಲದಿಂದ ಸತತವಾಗಿ ತಿದ್ದುತ್ತಾರೆ. ಸೆಕೆಂಡಿಗೊಂದು ಪಲ್ಸ್ ಕೊಡುವ ಜಿಪಿಎಸ್ ಮಾಡ್ಯೂಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆ ಪಲ್ಸ್‌ನಿಂದ ಆಸಿಲೋಸ್ಕೋಪನ್ನು ಟ್ರಿಗರ್ ಮಾಡಿ, ನಿಮ್ಮ 10 ಮೆಗಾಹರ್ಟ್ಸ್ ಅಲೆಯನ್ನು ಪರದೆಯ ಮೇಲೆ ಬಿಡಿ. ಅಲೆ ನಿಂತಲ್ಲಿ ನಿಲ್ಲುವುದಿಲ್ಲ, ಎಡಕ್ಕೋ ಬಲಕ್ಕೋ ನಿಧಾನ ಜಾರುತ್ತದೆ. ಒಂದು ಪೂರ್ತಿ ಅಲೆ ಅಂದರೆ 100 ನ್ಯಾನೋಸೆಕೆಂಡ್. ನೂರು ಸೆಕೆಂಡಿನಲ್ಲಿ ಒಂದು ಅಲೆ ಜಾರಿದರೆ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪು. ಅದೇ ಜಾರುವಿಕೆಗೆ ಹದಿನೇಳು ನಿಮಿಷ ಹಿಡಿದರೆ ಸಾವಿರ ಕೋಟಿಯಲ್ಲಿ ಒಂದು ಭಾಗ. ಅಗ್ಗದ ಮಾಡ್ಯೂಲಿನ ಪಲ್ಸ್ ಒಂದು ಸೆಕೆಂಡಿನಿಂದ ಮುಂದಿನ ಸೆಕೆಂಡಿಗೆ ಹತ್ತಾರು ನ್ಯಾನೋಸೆಕೆಂಡ್ ನಡುಗುತ್ತದೆ ನಿಜ. ಆದರೆ ಆ ನಡುಕ ದಿನ ಕಳೆದರೂ ಬೆಳೆಯುವುದಿಲ್ಲ, ನಿಮ್ಮ ಆಸಿಲೇಟರಿನ ತಪ್ಪು ಮಾತ್ರ ಸೆಕೆಂಡಿಗೆ ಸೆಕೆಂಡ್ ಕೂಡುತ್ತಾ ಹೋಗುತ್ತದೆ. 86,400 ಸೆಕೆಂಡ್ ಕಾದು ಲೆಕ್ಕ ಹಾಕಿದರೆ ಲಕ್ಷ ಕೋಟಿಯಲ್ಲಿ ಕೆಲವೇ ಭಾಗಗಳ ಮಟ್ಟಕ್ಕೆ ಹೋಲಿಕೆ ಸಿಗುತ್ತದೆ. ಆಂಟೆನಾ ಕೇಬಲ್ ಉದ್ದವಾಯಿತೆಂದು ಚಿಂತೆ ಬೇಡ. ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ವಿಳಂಬ ಸೇರುತ್ತದೆ, ಆದರೆ ಅದು ಸ್ಥಿರ, ಆವರ್ತನವನ್ನು ಕೆಡಿಸುವುದಿಲ್ಲ. ಆಂಟೆನಾಕ್ಕೆ ಬೇಕಾದುದು ತೆರೆದ ಆಕಾಶ. ಅದು ನಗರದ ಎರಡು ಕಟ್ಟಡಗಳ ನಡುವಿನ ಕಿಟಕಿಗಿಂತ ಲೋಕಿಕೆರೆಯಂಥ ಹಳ್ಳಿಯ ತಾರಸಿಯಲ್ಲಿ ಚೆನ್ನಾಗಿ ಸಿಗುತ್ತದೆ.

ಇನ್ನು ರುಬಿಡಿಯಂ ಪೆಟ್ಟಿಗೆಯ ವಿಚಾರ. ಅದರೊಳಗೆ ಒಂದು ಪುಟ್ಟ ದೀಪವಿದೆ. ಅದರ ಬೆಳಕು ರುಬಿಡಿಯಂ ಆವಿ ತುಂಬಿದ ಗಾಜಿನ ಕೋಶವನ್ನು ಹಾಯುತ್ತದೆ. ಸುಮಾರು 6.8347 ಗಿಗಾಹರ್ಟ್ಸ್ ಮೈಕ್ರೋವೇವ್ ಸರಿಯಾಗಿ ತಾಗಿದಾಗ ಆ ಬೆಳಕು ಚೂರು ಮಂಕಾಗುತ್ತದೆ, ಆ ಮಂಕನ್ನು ಹಿಡಿದೇ ಒಳಗಿನ ಕ್ರಿಸ್ಟಲನ್ನು ಲಾಕ್ ಮಾಡುತ್ತಾರೆ. ದೀಪಕ್ಕೆ ವಯಸ್ಸಾಗುತ್ತದೆ. ಟವರಿನಲ್ಲಿ ಹಗಲು ರಾತ್ರಿ ಎಷ್ಟೋ ವರ್ಷ ಉರಿದ ಪೆಟ್ಟಿಗೆ ನಿಮ್ಮ ಕೈಗೆ ಬರುವಾಗ ಅದರಲ್ಲಿ ಎಷ್ಟು ಆಯುಸ್ಸು ಉಳಿದಿದೆ ಎಂದು ಹೊರಗಿನ ಲೇಬಲ್ ಹೇಳಲಾರದು. ಬಾಹ್ಯಾಕಾಶಕ್ಕೆಂದೇ ತಯಾರಿಸಿ, ಪರೀಕ್ಷಿಸಿ, 2013ರ ಜುಲೈ 1ರಂದು ಹಾರಿಸಿದ, ನಾವಿಕ್ ಸರಣಿಯ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರು ರುಬಿಡಿಯಂ ಗಡಿಯಾರಗಳೂ ನಾಲ್ಕು ವರ್ಷ ತುಂಬುವ ಮೊದಲೇ ಕೈಕೊಟ್ಟವು.   ಹೊಸ ಗಡಿಯಾರಗಳ ಕಥೆಯೇ ಹೀಗಿರುವಾಗ ಗುಜರಿಯಿಂದ ಬಂದದ್ದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ದೀಪದ ವೋಲ್ಟೇಜ್ ಓದಲು ಪಿನ್ ಇದ್ದರೆ ಮೊದಲ ದಿನವೇ ಓದಿ ಬರೆದಿಡಿ, ಬಿಸಿಯೇರಿ ಲಾಕ್ ಆಗಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಆರು ತಿಂಗಳ ನಂತರ ಅವೇ ಎರಡು ಅಂಕಿಗಳು ಪೆಟ್ಟಿಗೆಯ ಆರೋಗ್ಯ ಹೇಳುತ್ತವೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ದೊಡ್ಡ ಹೀಟ್‌ಸಿಂಕ್ ಇಲ್ಲದೆ ಅದನ್ನು ಚಾಲೂ ಮಾಡಲೇಬೇಡಿ. ಕರೆಂಟ್ ಹೋಗಿ ಬಂದಾಗ ಓವನ್ ಕ್ರಿಸ್ಟಲ್ ಹಿಂದಿನ ಆವರ್ತನಕ್ಕೆ ಸರಿಯಾಗಿ ಮರಳುವುದಿಲ್ಲ; ಮತ್ತೆ ನೆಲೆಗೊಳ್ಳಲು ಅದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಆದ್ದರಿಂದ ಎರಡನೆಯ ರುಬಿಡಿಯಂಗೆ ತೆಗೆದಿಟ್ಟ ಹಣದಲ್ಲಿ ಮೊದಲು ಒಂದು ಒಳ್ಳೆಯ ಬ್ಯಾಟರಿ ಕೊಳ್ಳಿ.

ಎಲ್ಲಿಂದ ಕೊಳ್ಳಬೇಕು ಎಂಬುದಕ್ಕೂ ಎರಡು ಮಾತು ಹೇಳಲೇಬೇಕು. ಹಿಂದೆ ಟಾಟಾ ಇಂಡಿಕಾಂ, ರಿಲಯನ್ಸ್ ಫೋನುಗಳು ನಡೆಯುತ್ತಿದ್ದ ಸಿಡಿಎಂಎ ಜಾಲಗಳಲ್ಲಿ ಪ್ರತಿ ಟವರಿಗೂ ನಿಖರ ಕಾಲ ಬೇಕಿತ್ತು. ಜಿಪಿಎಸ್ ತಪ್ಪಿದಾಗ ಕಾಲವನ್ನು ಹಿಡಿದಿಡಲು ಒಳ್ಳೆಯ ಕ್ರಿಸ್ಟಲನ್ನೋ ರುಬಿಡಿಯಮ್ಮನ್ನೋ ಅಲ್ಲಿ ಇಡುತ್ತಿದ್ದರು. ಜಗತ್ತಿನಾದ್ಯಂತ ಆ ಜಾಲಗಳು ಮುಚ್ಚಿದಂತೆ ಈ ಸಾಮಾನು ಗುಜರಿಗೆ ಹರಿದು ಬಂತು. ವಿದೇಶದಿಂದ ತರಿಸುವಾಗ ಪಾರ್ಸೆಲ್ ಮೇಲೆ ಸುಳ್ಳು ಬೆಲೆ ಬರೆಸುವುದು, ಉಡುಗೊರೆ ಎಂದು ನಮೂದಿಸುವುದು ಸುಂಕ ತಪ್ಪಿಸುವ ಕೆಲಸ. ಬಳಸಿದ ಎಲೆಕ್ಟ್ರಾನಿಕ್ ಸಾಮಾನಿನ ಆಮದಿಗೆ ನಿರ್ಬಂಧಗಳಿವೆ, ದುಡ್ಡು ಕಟ್ಟುವ ಮೊದಲು ನಿಯಮ ಓದಿ. ದೇಶದೊಳಗಿನ ಇ-ತ್ಯಾಜ್ಯಕ್ಕೂ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿಯಲ್ಲಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಂಡರೂ ರಸೀದಿ ಕೇಳಿ. ರಿಬ್ಬನ್ ಕೇಬಲ್ ಕತ್ತರಿಸಿ ಕಿತ್ತ, ಕಾಲುಗಳಲ್ಲಿ ಬೆಸುಗೆಯ ಉಂಡೆ ಅಂಟಿದ ಕ್ರಿಸ್ಟಲ್ ಅತಿಯಾದ ಬಿಸಿಯನ್ನೋ ಏಟನ್ನೋ ತಿಂದಿರಬಹುದು. ಹಿಂದಿರುಗಿಸಲು ಮಾರುವವರು ಒಪ್ಪದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ಇಷ್ಟೆಲ್ಲ ಯಾಕೆ, ಮೊಬೈಲ್ ಸರಿಯಾದ ಸಮಯ ತೋರಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ತೋರಿಸುತ್ತದೆ; ಬಸ್ಸು ಹಿಡಿಯಲು ಅದು ಧಾರಾಳ ಸಾಕು. ಹ್ಯಾಮ್‌ಗಳು ಕ್ಷೀಣ ಸಂಕೇತ ಕಳಿಸಲು ಬಳಸುವ ಡಬ್ಲ್ಯುಎಸ್‌ಪಿಆರ್ ವಿಧಾನಕ್ಕೂ ಗಡಿಯಾರ ಒಂದೆರಡು ಸೆಕೆಂಡಿನೊಳಗೆ ಇದ್ದರೆ ಆಯಿತು. ಆದರೆ ಅದೇ ವಿಧಾನದಲ್ಲಿ ಸಂದೇಶ 110 ಸೆಕೆಂಡ್ ಹರಿಯುತ್ತದೆ, ಅದರ ಅಗಲ ಕೇವಲ 6 ಹರ್ಟ್ಸ್, ಎಲ್ಲರೂ ಸೇರಬೇಕಾದ ಕಿಟಕಿ 200 ಹರ್ಟ್ಸ್. ಅಷ್ಟು ಹೊತ್ತಿನಲ್ಲಿ ಆವರ್ತನ ಜಾರಿದರೆ ಆಚೆಯವರಿಗೆ ಕೇಳುವುದಿಲ್ಲ. ಇನ್ನೂ ಮೇಲೆ ಹೋದರೆ ಸಮಸ್ಯೆ ದೊಡ್ಡದು. 2018ರ ನವೆಂಬರ್‌ನಲ್ಲಿ ಹಾರಿದ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಟ್ರಾನ್ಸ್‌ಪಾಂಡರ್ ಇದೆ. ದಾವಣಗೆರೆಯಿಂದ ಅದು ಪಶ್ಚಿಮದ ಆಕಾಶದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿ ಕದಲದೆ ನಿಂತಿದೆ, ಟಿವಿ ಡಿಷ್ ಸಾಕು. ಅದು ಕೆಳಗೆ ಕಳಿಸುವುದು 10.489 ಗಿಗಾಹರ್ಟ್ಸ್‌ನಲ್ಲಿ. ಡಿಷ್ ಹಿಡಿದ ಸಂಕೇತವನ್ನು ಕೆಳಗಿನ ಆವರ್ತನಕ್ಕೆ ಇಳಿಸುವ ಎಲ್‌ಎನ್‌ಬಿಯೊಳಗಿನ ಕ್ರಿಸ್ಟಲ್ ಹತ್ತು ಲಕ್ಷದಲ್ಲಿ ಒಂದು ಭಾಗ ಜಾರಿದರೆ ಅಲ್ಲಿ ಹತ್ತು ಕಿಲೋಹರ್ಟ್ಸ್ ಜಾರಿದ ಹಾಗೆ, ಒಬ್ಬರ ಮಾತಿನ ಅಗಲವೋ ಮೂರು ಕಿಲೋಹರ್ಟ್ಸ್‌ಗಿಂತ ಕಡಿಮೆ. ತಾರಸಿಯ ಮೇಲೆ ಮೋಡ ಸರಿದು ಬಿಸಿಲು ಬಿದ್ದರೆ ಸಾಕು, ಕೇಳುತ್ತಿದ್ದ ದನಿ ತೇಲಿ ಹೋಗುತ್ತದೆ. ಆ ಕ್ರಿಸ್ಟಲ್‌ನ ಜಾಗಕ್ಕೆ ಜಿಪಿಎಸ್‌ಗೆ ಕಟ್ಟಿದ ಮಾನಕದಿಂದ ಆವರ್ತನ ಕೊಟ್ಟರೆ ದನಿ ನಿಂತಲ್ಲೇ ನಿಲ್ಲುತ್ತದೆ. ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್‌ನಲ್ಲಿ ಭಾರತದ ಹವ್ಯಾಸಿಗಳು ಕಟ್ಟಿದ ಟ್ರಾನ್ಸ್‌ಪಾಂಡರ್ ಇತ್ತು, ಆ ಉಪಗ್ರಹ 2014ರವರೆಗೆ ಕೆಲಸ ಮಾಡಿತು. ಹವ್ಯಾಸ ಎಂದು ಇದನ್ನು ತಳ್ಳಿಹಾಕುವವರು ಆ ಒಂಬತ್ತು ವರ್ಷಗಳನ್ನು ನೆನೆಯಬೇಕು.

ಪ್ರತಿಯೊಬ್ಬರಿಗೂ ತಮ್ಮದೇ ಮಾನಕ ಬೇಕು, ಹಂಚಿಕೊಳ್ಳುವುದು ತೊಡಕು ಎಂಬ ಆಕ್ಷೇಪ ಮೊಬೈಲ್ ಸಾಕು ಎಂಬ ಮಾತಿಗಿಂತ ಗಟ್ಟಿಯಾದುದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓವನ್ ಕ್ರಿಸ್ಟಲನ್ನು ಬೈಕಿನ ಮೇಲೆ ಹೊತ್ತು ತರುವುದೇ ಅದಕ್ಕೊಂದು ಆಘಾತ. ಆದರೆ ಜಿಪಿಎಸ್ ಇರುವುದರಿಂದ ಪೆಟ್ಟಿಗೆಗಳು ಊರಿಂದೂರಿಗೆ ಓಡಾಡಬೇಕಾಗಿಲ್ಲ. ಹರಿಹರದಲ್ಲಿ ಒಬ್ಬರು, ದಾವಣಗೆರೆಯಲ್ಲಿ ಒಬ್ಬರು, ಲೋಕಿಕೆರೆಯಲ್ಲಿ ಒಬ್ಬರು ಒಂದೇ ದಿನ, ಒಂದೇ ಹೊತ್ತಿನಲ್ಲಿ, ಅದೇ ಉಪಗ್ರಹಗಳನ್ನು ನೋಡುತ್ತಾ ತಮ್ಮ ತಮ್ಮ ಮಾನಕವನ್ನು ಅಳೆದರೆ ಉಪಗ್ರಹದ ತಪ್ಪು ಮೂವರಲ್ಲೂ ಒಂದೇ ಆಗಿರುತ್ತದೆ, ಒಬ್ಬರ ಅಂಕಿಯಿಂದ ಇನ್ನೊಬ್ಬರದನ್ನು ಕಳೆದಾಗ ಬಿಟ್ಟುಹೋಗುತ್ತದೆ. ಖಂಡಾಂತರದ ಪ್ರಯೋಗಾಲಯಗಳು ದಶಕಗಳ ಕಾಲ ಬಳಸಿದ ದಾರಿ ಇದೇ. ಇಷ್ಟು ಹತ್ತಿರದ ಊರುಗಳ ನಡುವೆ ಅದು ಇನ್ನೂ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ತಲೆಯ ಮೇಲಿನ ಅಯಾನುಗೋಳವೂ ಹೆಚ್ಚುಕಡಿಮೆ ಒಂದೇ. ಮೂರು ಮಾನಕಗಳಿದ್ದರೆ ಇನ್ನೊಂದು ಲಾಭ: ಎರಡು ಒಂದಕ್ಕೊಂದು ಹೊಂದಿ ಮೂರನೆಯದು ಮಾತ್ರ ದೂರ ಸರಿಯುತ್ತಿದ್ದರೆ ರೋಗ ಯಾರಲ್ಲಿದೆ ಎಂದು ಗೊತ್ತಾಗುತ್ತದೆ.

ಆದ್ದರಿಂದ ಹವ್ಯಾಸಿಗಳಲ್ಲಿ ನನ್ನ ಬೇಡಿಕೆ ಇದು. ಮಾನಕಕ್ಕೆ ಹಣ ಕಟ್ಟುವ ಮೊದಲು ಜಿಪಿಎಸ್ ಪಲ್ಸ್ ಮತ್ತು ಸ್ಕೋಪಿನ ಏರ್ಪಾಡು ಮಾಡಿಕೊಂಡು, ಈಗಾಗಲೇ ನಿಮ್ಮಲ್ಲಿರುವ ಯಾವುದಾದರೂ ಕ್ರಿಸ್ಟಲನ್ನು ಒಂದು ತಿಂಗಳು ಅಳೆಯಿರಿ. ದಿನಾಂಕ, ಹೊತ್ತು, ಕೋಣೆಯ ಉಷ್ಣತೆ, ಕರೆಂಟ್ ಹೋದ ಹೊತ್ತು, ಅಲೆ ಎಷ್ಟು ಜಾರಿತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಟ್ಟ ಫಲಿತಾಂಶವನ್ನೂ ಅಳಿಸದೆ ಬಿಡಿ. ಎಂಜಿನಿಯರಿಂಗ್ ಕಾಲೇಜುಗಳ ಮುಖ್ಯಸ್ಥರಲ್ಲಿ, ಅದರಲ್ಲೂ 1951ರಿಂದ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತಿರುವ ಯು.ಬಿ.ಡಿ.ಟಿ. ಮತ್ತು 1979ರಲ್ಲಿ ಆರಂಭವಾದ ಬಾಪೂಜಿ ಕಾಲೇಜಿನ ಹಿರಿಯರಲ್ಲಿ, ಇನ್ನೊಂದು ವಿನಂತಿ: ತಾರಸಿಯ ಮೇಲೆ ಒಂದು ಆಂಟೆನಾ, ಸದಾ ಚಾಲೂ ಇರುವ ಒಂದು ಜಿಪಿಎಸ್ ಮಾನಕ, ತಿಂಗಳಿಗೊಂದು ಶನಿವಾರ ಹೊರಗಿನವರಿಗೂ ತೆರೆದ ಪ್ರಯೋಗಾಲಯ, ಇವನ್ನು ಒದಗಿಸಿಕೊಡಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಪ್ರಾದೇಶಿಕ ಪ್ರಮಾಣ ಮಾನಕ ಪ್ರಯೋಗಾಲಯ ಭಾರತೀಯ ಕಾಲ ಹಂಚಲು ಆರಿಸಿದ ದೇಶದ ಐದು ಕೇಂದ್ರಗಳಲ್ಲಿ ಒಂದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಲು ಅನುಮತಿ ಕೇಳಿದರೆ ಕಾಲದ ಅಳತೆ ಹೇಗೆ ನಡೆಯುತ್ತದೆ ಎಂದು ಅವರು ಕಣ್ಣಾರೆ ನೋಡಬಹುದು.

ಮೊದಲ ಜಂಟಿ ಹೋಲಿಕೆಯನ್ನು ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರರಿಂದ ಮಾರನೆಯ ದಿನ ಬೆಳಿಗ್ಗೆ ಆರರವರೆಗೆ ಇಟ್ಟುಕೊಳ್ಳೋಣ. ಮಾನಕವನ್ನು ಶುಕ್ರವಾರ ಸಂಜೆಯೇ ಬ್ಯಾಟರಿಗೆ ಕಟ್ಟಿ ಚಾಲೂ ಮಾಡಿ, ಬಿಸಿಯೇರಿ ನೆಲೆಗೊಳ್ಳಲು ಬಿಡಿ. ಒಂದು ಅಲೆ ಪೂರ್ತಿ ಜಾರುವ ಮೊದಲೇ ಅದು ಎಲ್ಲಿದೆ ಎಂದು ಮತ್ತೆ ಮತ್ತೆ ಗುರುತು ಹಾಕಿಕೊಂಡರೆ ಸಾಕು. ರುಬಿಡಿಯಂ ಇಲ್ಲದವರು ಓವನ್ ಕ್ರಿಸ್ಟಲ್‌ನೊಂದಿಗೇ ಬನ್ನಿ. ಅದರ ಅಲೆ ಬೇಗ ಬೇಗ ಜಾರುತ್ತದೆ, ಆದ್ದರಿಂದ ಗುರುತನ್ನೂ ಹೆಚ್ಚು ಬಾರಿ ಹಾಕಬೇಕಾದೀತು.

ಇಂತು ತಮ್ಮ ವಿಶ್ವಾಸಿ,
ಒಬ್ಬ ರೇಡಿಯೊ ಹವ್ಯಾಸಿ
ಲೋಕಿಕೆರೆ, ದಾವಣಗೆರೆ ತಾಲ್ಲೂಕು